ಮಸೂದೆ ವಾಪಸ್ ಕಳಿಸಿದ ಮೇಷ್ಟ್ರು

ಮೇಷ್ಟ್ರ ಎಡಗೈ ತೋರುಬೆರಳಿನ ಮೇಲೆ, ಉಗುರಿನ ಬುಡದಿಂದ ಮೊದಲ ಗೆಣ್ಣಿನವರೆಗೆ, ಹುಣಸೇಬೀಜದ ಅಗಲದ ಒಂದು ಕಪ್ಪು ಕಲೆ ಇತ್ತು. ಮೊದಲ ಸಲ ನೋಡಿದವರು ಯಾವುದೋ ಚುನಾವಣೆಯ ಶಾಯಿ ಇನ್ನೂ ಅಳಿಸಿಲ್ಲ ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಯಾವ ಚುನಾವಣೆಯೂ ಇಲ್ಲದ ವರ್ಷದಲ್ಲೂ ಅದು ಇದ್ದ ಹಾಗೇ ಇದ್ದಾಗ ಒಂದು ದಿನ ಕೇಳಿಯೇಬಿಟ್ಟೆ.

"ಕಾಡುಗೇರು ಕಣವ್ವ" ಎಂದು ನಕ್ಕರು. "ಪೆದ್ದತನಕ್ಕೆ ಬಿದ್ದ ಮುದ್ರೆ."

ಅವರು ನಮ್ಮ ಶಾಲೆಗೆ ಬಂದ ವರ್ಷ, ನಾನು ಕೆಲಸಕ್ಕೆ ಸೇರುವ ಮೊದಲೇ, ಮಕ್ಕಳ ಸಂಸತ್ತಿಗೆ ಚುನಾವಣೆ ಮಾಡಿಸಿದರಂತೆ. ಮತ ಹಾಕಿದ ಬೆರಳಿಗೆ ಹಚ್ಚಲು ಶಾಯಿ ಬೇಕಲ್ಲ? ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಡುಗೇರಿನ ರಸ ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಯಾರೋ ಹೇಳಿದ್ದರು. ಗಿರಿಜನರ ಹಾಡಿಯ ಮಕ್ಕಳು ಕಾಡಿನಿಂದ ನಾಲ್ಕು ಕಾಯಿ ತಂದುಕೊಟ್ಟರು. ಚುನಾವಣೆಗೆ ಒಂದು ವಾರ ಇರುವಾಗಲೇ ಮೇಷ್ಟ್ರು ತಮ್ಮ ಬೆರಳಿಗೆ ಹಚ್ಚಿಕೊಂಡು ನೋಡಿದರು. ಮೂರನೇ ದಿನಕ್ಕೆ ಬೆರಳು ಎಳೆ ಬದನೇಕಾಯಿಯಂತೆ ಊದಿತು, ಗುಳ್ಳೆ ಎದ್ದು ಒಡೆಯಿತು. ಮಕ್ಕಳ ಬೆರಳಿಗೆ ಕೊನೆಗೆ ಆಶಾ ಕಾರ್ಯಕರ್ತೆ ಕೊಟ್ಟ ನೇರಳೆ ಔಷಧಿ ಹಚ್ಚಿದ್ದಾಯಿತು. ಅದು ಎರಡು ದಿನಕ್ಕೆ ಹೋಯಿತು, ಮೇಷ್ಟ್ರದ್ದು ಹೋಗಲಿಲ್ಲ.

ಮಕ್ಕಳಿಗೆ ಹಾಕುವುದನ್ನು ಮೊದಲು ತಾವು ಹಾಕಿಕೊಂಡು ನೋಡುವುದು ಅವರ ಸ್ವಭಾವ. ಬಿಸಿಯೂಟದಲ್ಲೂ ಅದೇ. ನಾನು ಆ ಶಾಲೆಯ ಅಡುಗೆಯವಳು. ವೀರನಹೊಸಹಳ್ಳಿ ದಾಟಿ ಕಾಡಿನ ಕಡೆಗೆ ಇನ್ನಷ್ಟು ಒಳಗೆ ಹೋದರೆ ಸಿಗುವ ಶಾಲೆ. ಒಂದರಿಂದ ಏಳನೇ ತರಗತಿ, ತೊಂಬತ್ತು ಮಕ್ಕಳು. ಹೆಚ್ಚಿನವರು ಊರಿನವರು, ಉಳಿದವರು ಕಾಡಂಚಿನ ಹಾಡಿಯವರು. ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮೇಷ್ಟ್ರು ಒಂದು ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದರು. ಒಂದು ಹಿಡಿ ಅನ್ನ, ಒಂದು ಸೌಟು ಸಾಂಬಾರು. ನಿಂತೇ ತಿಂದು, ಕೈ ತೊಳೆದು, ರುಚಿ ಪುಸ್ತಕದಲ್ಲಿ "ರುಚಿ ಸರಿಯಾಗಿದೆ" ಎಂದು ಬರೆದು ಸಹಿ ಹಾಕುತ್ತಿದ್ದರು. ಉಪ್ಪು ಹೆಚ್ಚಾದ ದಿನ "ಉಪ್ಪು ಮುಂದು" ಎಂದೇ ಬರೆಯುವರು. ಅದರಲ್ಲಿ ದಾಕ್ಷಿಣ್ಯವಿಲ್ಲ. ಬಸ್ಸಿನ ಟಿಕೆಟ್ಟನ್ನು ಮಡಿಸಿ ಗಡಿಯಾರದ ಪಟ್ಟಿಯೊಳಗೆ ಸಿಕ್ಕಿಸಿಕೊಂಡಿರುತ್ತಿದ್ದರು. ತಿನ್ನುವಾಗ ಅದು ತಟ್ಟೆಗೆ ಬೀಳುತ್ತಿತ್ತು, ದಿನಾ. ಅವರ ಊರು ಚುಂಚನಕಟ್ಟೆಯ ಹತ್ತಿರ. ಹುಣಸೂರಿನಲ್ಲಿ ಮನೆ ಮಾಡಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು.

ಬೇರೆ ಶಾಲೆಗಳಲ್ಲೂ ಮಕ್ಕಳ ಸಂಸತ್ತು ಇರುತ್ತದೆ. ಒಬ್ಬ ಪ್ರಧಾನಿ, ಒಬ್ಬ ನೀರಿನ ಮಂತ್ರಿ, ಒಬ್ಬಳು ಕಸದ ಮಂತ್ರಿ; ಫೋಟೋ ತೆಗೆದರೆ ಮುಗಿಯಿತು. ನಮ್ಮ ಮೇಷ್ಟ್ರು ಹಾಗಲ್ಲ. ದಿಲ್ಲಿಯಲ್ಲಿ ಎರಡು ಮನೆ ಇದ್ದರೆ ಇಲ್ಲೂ ಎರಡು ಮನೆ ಇರಬೇಕು. ಕೆಳಮನೆಗೆ ಹದಿನೈದು ಜನ. ಮೂರನೇ ತರಗತಿಯಿಂದ ಮೇಲಿನ ಮಕ್ಕಳೆಲ್ಲ ಚೀಟಿ ಬರೆದು ನನ್ನ ಖಾಲಿ ಎಣ್ಣೆ ಡಬ್ಬಕ್ಕೆ ಹಾಕಬೇಕು. ಯಾವ ಕೇರಿಯಲ್ಲಿ ಎಷ್ಟು ಮಕ್ಕಳೋ ಅಷ್ಟು ಸ್ಥಾನ. ಹಾಡಿಗೆ ಮೂರು ಬಂದಿತ್ತು. ಹೊಗೆಸೊಪ್ಪಿನ ಸಸಿಮಡಿಗೆ ಹೊದಿಸುವ ಹಸಿರು ಪರದೆಯನ್ನು ದೊಡ್ಡ ಕೊಠಡಿಯಲ್ಲಿ ಹಾಸಿದರೆ ಅದೇ ಕೆಳಮನೆ. ಜಗುಲಿಯ ಕೆಂಪು ಗಾರೆ ನೆಲವೇ ಮೇಲ್ಮನೆ. ಅಲ್ಲಿಗೆ ಮಕ್ಕಳು ನೇರವಾಗಿ ಮತ ಹಾಕುವ ಹಾಗಿಲ್ಲ. ತರಗತಿಯ ನಾಯಕರು ಸೇರಿ, ಒಂದು, ಎರಡು, ಮೂರು ಎಂದು ಇಷ್ಟದ ಕ್ರಮ ಬರೆದು, ಆರು ಜನರನ್ನು ಆರಿಸಬೇಕು. ಆ ಆರರಲ್ಲಿ ಇಬ್ಬಿಬ್ಬರು ಸರದಿಯಂತೆ ಇಳಿಯುತ್ತಾರೆ, ಹೊಸಬರು ಏರುತ್ತಾರೆ. ಹಾಗಾಗಿ ಅದು ಎಂದೂ ಪೂರ್ತಿ ಖಾಲಿಯಾಗುವುದಿಲ್ಲ. ಏಳನೆಯ ಸದಸ್ಯರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ರಾಷ್ಟ್ರಪತಿ ಎಂದರೆ ಮೇಷ್ಟ್ರು. ಅವರು ನೇಮಿಸಿದ್ದು ನನ್ನನ್ನು.

"ನಂಗೇನ್ ಗೊತ್ತು ಮೇಷ್ಟ್ರೇ, ಮಕ್ಳ ಮಧ್ಯೆ ನಗೆಪಾಟ್ಲು" ಎಂದೆ.

"ದಿಲ್ಲೀಲೂ ಹನ್ನೆರಡು ಜನರನ್ನ ಹಿಂಗೇ ಕೂರಿಸ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಗೊತ್ತಿರೋರು. ತೊಂಬತ್ತು ಹೊಟ್ಟೆ ಅಳತೆ ಕಣ್ಣಲ್ಲೇ ಹೇಳ್ತೀಯಲ್ಲ, ಅದು ಯಾವ ಶಾಸ್ತ್ರಕ್ಕೂ ಕಮ್ಮಿ ಅಲ್ಲ. ಮಣೆ ಹಾಕ್ಕೊಂಡು ಕೂತ್ಕೊ."

ಎರಡು ಮನೆ ಯಾಕೆ ಎಂದು ಮಕ್ಕಳು ಕೇಳಿದಾಗ ಅವರು ಪುಸ್ತಕ ತೆಗೆಯಲಿಲ್ಲ. ಅಡುಗೆಮನೆಯಿಂದ ನನ್ನ ಮೊರ, ಜರಡಿ ಎರಡನ್ನೂ ಇಸಿದುಕೊಂಡು ಹೋದರು. "ಕೆಳಮನೆ ಮೊರ. ರಾಗಿ ಎಲ್ಲಾ ಮೊದ್ಲು ಅಲ್ಲೇ ಬೀಳ್ಬೇಕು. ಕೇರೋ ಜೋರಲ್ಲಿ ಒಂದೊಂದ್ಸಲ ಕಲ್ಲೂ ಉಳ್ಕೋತದೆ. ಮೇಲ್ಮನೆ ಜರಡಿ. ಆದ್ರೆ ದುಡ್ಡಿನ ವಿಷಯಕ್ಕೆ ಜರಡಿ ಅಡ್ಡ ಹಿಡಿಯಂಗಿಲ್ಲ. ನಾಲ್ಕು ಮಾತು ಹೇಳಿ ವಾಪಸ್ ಕೊಡ್ಬೇಕು, ಅಷ್ಟೇ."

ಎರಡು ವರ್ಷ ಇದು ಚೆಂದವಾಗಿ ನಡೆಯಿತು. ಚಪ್ಪಲಿ ಸಾಲಾಗಿ ಬಿಡುವ ಮಸೂದೆ, ನೀರಿನ ಡ್ರಮ್ಮಿಗೆ ಲೋಟ ಅದ್ದಬಾರದೆಂಬ ಮಸೂದೆ. ನಾನೂ ಮಣೆಯ ಮೇಲೆ ಕೂತು ಕೈ ಎತ್ತುತ್ತಿದ್ದೆ, ಇಳಿಸುತ್ತಿದ್ದೆ. ಹಾಗೆ ಕೈ ಇಳಿಸುವಾಗೊಮ್ಮೆ ಮೇಷ್ಟ್ರು ಮಕ್ಕಳಿಗೆ ಹೇಳಿದ್ದರು: "ಕೈ ಎತ್ತೋದು ಸುಲಭ. ಎತ್ತಿದ ಕೈನ ಹೊತ್ಕೊಂಡು ಮನೆಗೆ ಹೋಗೋದು ಕಷ್ಟ." ಆಗ ಅದು ನನಗೆ ತಮಾಷೆಯ ಮಾತಾಗಿ ಕೇಳಿಸಿತ್ತು.

ಮೂರನೇ ವರ್ಷ, ಮಾರ್ಚಿ ಮೊದಲ ವಾರ, ಆ ಮಸೂದೆ ಬಂತು.

ಪ್ರಧಾನಿಯಾಗಿದ್ದವನು ಏಳನೇ ತರಗತಿಯ ಚೇತನ್. ಶಾಲೆಯ ಉಸ್ತುವಾರಿ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷರ ಮಗ. ಅಧ್ಯಕ್ಷರು ಊರಿನಲ್ಲಿ ದೊಡ್ಡ ಹೊಗೆಸೊಪ್ಪಿನ ಬೆಳೆಗಾರರು; ಶಾಲೆಯಲ್ಲಿ ಅವರು ಹೇಳಿದ್ದು ಬೇಗ ನಡೆಯುತ್ತಿತ್ತು. ಹುಡುಗ ಚುರುಕು, ಕೆಟ್ಟವನಲ್ಲ. ಎದ್ದು ನಿಂತು ಓದಿದ: "ಬೆಳಿಗ್ಗೆ ಪ್ರಾರ್ಥನೆಗೆ ತಡವಾಗಿ ಬರುವವರು ಮಧ್ಯಾಹ್ನ ಎಲ್ಲರ ಊಟ ಆದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂರತಕ್ಕದ್ದು."

ಕೇಳಲು ನ್ಯಾಯವಾಗಿಯೇ ಇತ್ತು. ಯಾರ ಹೆಸರೂ ಇಲ್ಲ, ಯಾವ ಕೇರಿಯ ಹೆಸರೂ ಇಲ್ಲ. ಆದರೆ ನಮ್ಮ ಶಾಲೆಗೆ ತಡವಾಗಿ ಬರುತ್ತಿದ್ದವರು ಹಾಡಿಯ ಮಕ್ಕಳು ಮಾತ್ರ. ರಾತ್ರಿ ಊರ ಕಡೆ ಬಂದ ಆನೆಗಳು ಕಾಡಿಗೆ ಹಿಂತಿರುಗುವವರೆಗೆ, ದಾರಿ ಕಾಯುವ ಅರಣ್ಯ ಕಾವಲುಗಾರರು ಸರಿ ಎನ್ನುವವರೆಗೆ ಅವರು ಹೊರಡುವಂತಿರಲಿಲ್ಲ. ಇನ್ನು ಕೊನೆಯ ಪಂಕ್ತಿ ಎಂದರೇನು ಎಂಬುದು ಸೌಟು ಹಿಡಿದವಳಿಗೆ ಗೊತ್ತು. ಪಾತ್ರೆಯ ತಳ ಕಾಣುವ ಹೊತ್ತಿಗೆ ತರಕಾರಿ ಉಳಿದಿರುವುದಿಲ್ಲ. ಬೇಳೆಯ ಬಣ್ಣದ ನೀರಿರುತ್ತದೆ.

ಕೆಳಮನೆಯಲ್ಲಿ ಹನ್ನೆರಡು ಕೈ ಎದ್ದವು. ಇಳಿದೇ ಇದ್ದ ಮೂರು ಕೈಗಳು ಹಾಡಿಯವು. ಮಸೂದೆ ಮೇಲ್ಮನೆಗೆ ಬಂತು.

ಮಾರನೆಯ ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದಾಗ ಅಧ್ಯಕ್ಷರು ಬೈಕು ನಿಲ್ಲಿಸಿ ಅಡುಗೆಮನೆ ಬಾಗಿಲಿಗೆ ಬಂದರು.

"ಏನಕ್ಕ, ನೀನೂ ಎಂಪಿ ಆಗಿದ್ದೀಯಂತಲ್ಲ?"

"ಮೇಷ್ಟ್ರು ಕೂರಿಸವ್ರೆ ಅಣ್ಣ. ಮಕ್ಳಾಟ."

"ಅದನ್ನೇ ನಾನೂ ಯೋಳೋದು. ಮಕ್ಳಾಟಕ್ಕೆ ದೊಡ್ಡೋರು ಯಾಕೆ ಕೈ ಎತ್ಬೇಕು? ಜೂನ್‌ಗೆ ಅಡ್ಗೆಯೋರ ಹೆಸ್ರು ಮತ್ತೆ ಬರ್ಕೊಡ್ಬೇಕಲ್ವಾ ನಾವು? ಐಕ್ಳು ಮಾತಾಡ್ಕಂತವೆ ಬುಡು, ನೀನು ನಿನ್ ಸಾಂಬಾರ್ ನೋಡ್ಕೊ."

ಬೈಯಲಿಲ್ಲ, ಗದರಲಿಲ್ಲ. ಹೋಗುವಾಗ ನನ್ನ ಮಗಳ ಓದನ್ನೂ ವಿಚಾರಿಸಿದರು. ಅವರ ಬೈಕಿನ ಸದ್ದು ತಿರುವಿನಲ್ಲಿ ಮರೆಯಾದ ಮೇಲೆ ನೋಡಿಕೊಂಡೆ: ಆರಿಸಿದ ಅಕ್ಕಿಯನ್ನೂ ಕಲ್ಲನ್ನೂ ಒಂದೇ ಗುಡ್ಡೆ ಮಾಡಿಬಿಟ್ಟಿದ್ದೆ.

ಮೇಲ್ಮನೆಯ ಸಭಾಪತಿ ಸಹಶಿಕ್ಷಕರು. ದಿಲ್ಲಿಯಲ್ಲಿ ಉಪರಾಷ್ಟ್ರಪತಿ ಹೇಗೋ ಇಲ್ಲಿ ಅವರು ಹಾಗೆ. ಅವರಿಗೆ ಮತವಿಲ್ಲ, ಎರಡು ಕಡೆ ಸಮ ಬಿದ್ದರೆ ಮಾತ್ರ ಉಂಟು. ಆರು ಮಕ್ಕಳಲ್ಲಿ ಮೂವರು ಮಸೂದೆಯ ಕಡೆ, ಮೂವರು ವಿರುದ್ಧ ಎಂಬುದು ಮಾತಿನಲ್ಲೇ ಗೊತ್ತಾಗಿಹೋಯಿತು. ಇನ್ನು ಉಳಿದದ್ದು ನನ್ನ ಮಣೆ. "ಈಗ ಮತಕ್ಕೆ ಹಾಕ್ತೀವಿ" ಎಂದು ಸಹಶಿಕ್ಷಕರು ಗಂಟೆ ಹೊಡೆಯಲು ಎದ್ದರು.

ನಾನೂ ಎದ್ದೆ. "ಸಾಂಬಾರು ಸೀಯ್ತಾ ಐತೆ" ಎಂದು ಹೇಳಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟುಬಿಟ್ಟೆ.

ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಿದ್ದಾಗ ಗಂಟೆ ಕೇಳಿಸಿತು. ಆಮೇಲೆ ಕೆಲವು ಮಕ್ಕಳ "ಹೇ" ಎಂಬ ಕೂಗು. ಮೂರು ಮೂರು ಸಮ ಬಿದ್ದಿತ್ತಂತೆ. ಸಹಶಿಕ್ಷಕರ ಮನೆ ಅಧ್ಯಕ್ಷರ ಮನೆಯ ಎದುರಿಗೇ. ನೆಲ ನೋಡಿಕೊಂಡು "ಪಾಸು" ಎಂದರಂತೆ.

ಅರ್ಧ ಗಂಟೆಯ ನಂತರ ಮೇಷ್ಟ್ರು ಎಂದಿನಂತೆ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಬಡಿಸಿದೆ. ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಸಾಂಬಾರಿನಲ್ಲಿ ಬೆರಳು ಅದ್ದಿ ಮೂಸಿದರು.

"ಸೀದ ವಾಸ್ನೆ ಇಲ್ವಲ್ಲವ್ವ" ಎಂದರು.

ಅಷ್ಟೇ. ಮುಖ ಎತ್ತಿ ನನ್ನನ್ನು ನೋಡಲಿಲ್ಲ. ಪುಸ್ತಕ ತೆಗೆದು "ರುಚಿ ಸರಿಯಾಗಿದೆ" ಎಂದು ಬರೆದು, ಸಹಿ ಹಾಕಿ, ಕೈ ತೊಳೆದು ಹೋದರು. ಸೀದಿಲ್ಲ ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿಯಾಗಿ ನನ್ನ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು.

ಊಟಕ್ಕೆ ಮೊದಲು ಮಕ್ಕಳೆಲ್ಲ ಕಪ್ಪುಹಲಗೆಯ ಮುಂದೆ ಸೇರಿದರು. ಮಸೂದೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ರಾಷ್ಟ್ರಪತಿಗಳ ಸಹಿ ಬೀಳಬೇಕು, ಬಿದ್ದರೆ ಕಾನೂನು. ಮೇಷ್ಟ್ರು ಸೀಮೆಸುಣ್ಣ ಹಿಡಿದು ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿ.

"ಸೈನ್ ಆಕಿ ಸಾ" ಎಂದ ಚೇತನ್. "ಎರ್ಡು ಮನೇಲೂ ಪಾಸಾಗದೆ. ನೀವೇ ಯೋಳ್ಕೊಟ್ಟಿದ್ದು."

"ಹೌದು, ನಾನೇ ಹೇಳ್ಕೊಟ್ಟಿದ್ದು" ಎಂದರು ಮೇಷ್ಟ್ರು. "ಇನ್ನೊಂದೂ ಹೇಳ್ಕೊಟ್ಟಿದ್ದೆ, ಮರ್ತಿದ್ದೀರ. ಸಹಿ ಹಾಕೋ ಮುಂಚೆ ಒಂದು ಸಲ, ಒಂದೇ ಸಲ, ಇನ್ನೊಮ್ಮೆ ಯೋಚ್ನೆ ಮಾಡಿ ಅಂತ ವಾಪಸ್ ಕಳಿಸೋ ಹಕ್ಕು ರಾಷ್ಟ್ರಪತಿಗೆ ಐತೆ. ಎರಡೂ ಮನೆ ಮತ್ತೆ ಪಾಸ್ ಮಾಡಿದ್ರೆ ಅವ್ರು ಸಹಿ ಹಾಕ್ಲೇಬೇಕು. ನಾನೂ ಹಾಕ್ತೀನಿ." ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. "ಶನಿವಾರ ಮತ್ತೆ ಸೇರೋಣ."

ಅಂದು ಬುಧವಾರ. ಆ ಮೂರು ದಿನ ನಾನು ಏನು ಅಡುಗೆ ಮಾಡಿದೆನೋ ನೆನಪಿಲ್ಲ.

ಬುಧವಾರ ಸಂಜೆ ಪಾತ್ರೆ ಬೋರಲು ಹಾಕಿ ಮೇಷ್ಟ್ರ ಕೊಠಡಿಗೆ ಹೋದೆ. "ನೀವು ಹೆಡ್‌ಮೇಷ್ಟ್ರು. ಒಂದು ಮಾತು ಗದರಿ ನಿಲ್ಸಿಬುಡಿ. ಇದ್ಯಾವ ಆಟ?"

"ನಿಲ್ಲಿಸ್ಬೋದು" ಎಂದರು. "ಊಟದಲ್ಲಿ ಭೇದ ಮಾಡಂಗಿಲ್ಲ ಅಂತ ಸರ್ಕಾರದ ನಿಯಮ ಐತೆ, ಅದಕ್ಕೂ ಮೇಲೆ ಸಂವಿಧಾನ ಐತೆ, ಕೋರ್ಟ್ ಐತೆ. ಕೊನೇಗೆ ಅದನ್ನೇ ಹಿಡೀತೀನಿ, ಬಿಡಲ್ಲ. ಆದ್ರೆ ಅದು ಕೊನೇ ಬಾಗಿಲು. ಮೊದಲ್ನೇ ಬಾಗಿಲಲ್ಲಿ ನಿಂತಿದ್ದೋರು ಏನ್ಮಾಡಿದ್ರು ಅಂತ ಮಕ್ಳು ಕೇಳಿದ್ರೆ?"

ಮೊದಲನೇ ಬಾಗಿಲಲ್ಲಿ ನಿಂತಿದ್ದವಳು ನಾನು. ಅವರು ಹಾಗೆಂದು ಹೇಳಲಿಲ್ಲ. ಅಧ್ಯಕ್ಷರು ಬಂದು ಹೋದ ವಿಷಯ ನಾನೂ ಬಾಯಿ ಬಿಡಲಿಲ್ಲ. ಆದರೆ ಹೊರಗೆ ಬಂದಾಗ ಕಂಡೆ: ಜಗುಲಿಯಲ್ಲಿ ಮಕ್ಕಳ ಚಾಪೆಗಳನ್ನೆಲ್ಲ ಸುತ್ತಿಟ್ಟಿದ್ದರು, ನನ್ನ ಮಣೆಯನ್ನು ಮಾತ್ರ ಇದ್ದಲ್ಲೇ ಬಿಟ್ಟಿದ್ದರು. ಗುರುವಾರವೂ ಅದು ಅಲ್ಲೇ ಇತ್ತು. ಬೆಳಿಗ್ಗೆ ಕಸ ಗುಡಿಸುವಾಗ ಅದರ ಸುತ್ತ ಗುಡಿಸಿದೆ.

ಗುರುವಾರ ಹಾಡಿಯಿಂದ ಹತ್ತೇ ಮಕ್ಕಳು ಬಂದರು. ಶುಕ್ರವಾರ ಇಬ್ಬರು: ಆರನೇ ತರಗತಿಯ ಕಾವೇರಿ, ಅವಳ ಒಂದನೇ ತರಗತಿಯ ತಮ್ಮ. ಕಾವೇರಿ ಕೆಳಮನೆಯ ಸದಸ್ಯೆ. ಊಟದ ಗಂಟೆ ಹೊಡೆದಾಗ ಎಲ್ಲರೂ ಸಾಲು ಕೂತರು. ಇವಳು ತಮ್ಮನ ಕೈ ಹಿಡಿದು, ತಟ್ಟೆಯನ್ನು ಎದೆಗೆ ಅವುಚಿಕೊಂಡು ಅಡುಗೆಮನೆಯ ಗೋಡೆಯ ಪಕ್ಕ ನಿಂತಳು.

"ಕೂತ್ಕೊ ಹೋಗವ್ವ" ಎಂದೆ.

"ಅಕ್ಕಾ" ಎಂದಳು ಮೆಲ್ಲಗೆ, "ಕೊನೇಗೆ ಕೂರೋದು ಈಗಿಂದ್ಲೇನಾ, ಸೈನ್ ಆದ್ಮೇಲಾ?"

ಅವಳ ದನಿಯಲ್ಲಿ ಅಳುವಿರಲಿಲ್ಲ. ನಿಯಮ ಕೇಳುವ ದನಿ. ಮೇಷ್ಟ್ರು ಕಲಿಸಿದ್ದನ್ನು ಅಷ್ಟು ಸರಿಯಾಗಿ ಕಲಿತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರು ಬಂದು, "ಸಹಿ ಆಗೋವರೆಗೂ ಹಳೇ ಕಾನೂನೇ ಮಗ. ನಡಿ, ಮುಂದೆ" ಎಂದು ಇಬ್ಬರನ್ನೂ ಸಾಲಿನ ಮೊದಲಲ್ಲಿ ಕೂರಿಸಿದರು. ಚಿಕ್ಕವನು ಎರಡು ಸಲ ಹಾಕಿಸಿಕೊಂಡ. ಕಾವೇರಿ ತಟ್ಟೆಯ ಅನ್ನವನ್ನು ಸುಮ್ಮನೆ ಕಲಸುತ್ತಲೇ ಇದ್ದಳು.

ಆ ಸಂಜೆ ಮನೆಯಲ್ಲಿ ಗಂಡನ ಮುಂದೆ ಎಲ್ಲ ಹೇಳಿದೆ. ಕೆಲಸ ಹೋದರೆ ಅಂದೆ. ಅವರು ಬೀಡಿ ಹಚ್ಚದೆ ಬೆರಳಲ್ಲೇ ತಿರುಗಿಸಿದರು. "ಓದ್ರೆ ಓಯ್ತದೆ, ಕೂಲಿ ಐತೆ. ಆದ್ರೆ ನೀನು ಮೂರು ದಿನದಿಂದ ಉಣ್ತಿಲ್ವಲ್ಲ, ಅದ್ಕೇನ್ ಮಾಡಾದು?" ಎಂದರು.

ಶನಿವಾರ ಬೆಳಗಿನ ಶಾಲೆ. ಹಾಡಿಯ ಮೂರೂ ಸದಸ್ಯರು ಬಂದಿದ್ದರು, ತಡವಾಗಿಯೇ. ಅಧ್ಯಕ್ಷರೂ ಬಂದಿದ್ದರು. ಬೇವಿನ ಮರದ ನೆರಳಲ್ಲಿ ಬೈಕಿನ ಮೇಲೆ ಓರೆಯಾಗಿ ಕೂತು ಜಗುಲಿಯ ಕಡೆಗೇ ನೋಡುತ್ತಿದ್ದರು. ಮೇಷ್ಟ್ರು ಅವರಿಗೆ ಕುರ್ಚಿ ಕಳಿಸಿದರು. ಅವರು ಬೇಡ ಎಂದರು.

ಕೆಳಮನೆಯಲ್ಲಿ ಕಾವೇರಿ ಎದ್ದಳು. "ಆನೆ ಬೇಗ ಓದ್ರೆ ನಾವು ಬೇಗ ಬತ್ತೀವಿ. ಆನೆ ತಡ ಮಾಡ್ದಾಗ ನಾವು ತಡ. ಪ್ರಧಾನಿಯೋರು ಆನೆಗೂ ಒಂದು ಮಸೂದೆ ಮಾಡ್ಬೇಕು, ಎಷ್ಟೊತ್ಗೆ ಕಾಡಿಗೆ ಓಗ್ಬೇಕು ಅಂತ."

ಮಕ್ಕಳು ಗೊಳ್ಳೆಂದರು. ಚೇತನ್‌ಗೂ ನಗು ಬಂತು, ತಡೆದುಕೊಂಡ. "ಆನೆಗೆ ವೋಟಿಲ್ಲ ಕಣೆ" ಎಂದ.

"ನಮ್ಗೈತಲ್ಲ" ಎಂದಳು.

ಎಣಿಸಿದಾಗ ಪರವಾಗಿ ಒಂಬತ್ತು, ವಿರುದ್ಧ ಆರು. ಊರಿನ ಮೂರು ಕೈ ಜಾರಿದ್ದವು. ಆದರೂ ಪಾಸಾಯಿತು. ಚೇತನ್ ಚೀಟಿ ಹಿಡಿದು ತಾನೇ ಜಗುಲಿಗೆ ತಂದು ಸಹಶಿಕ್ಷಕರ ಕೈಗೆ ಕೊಟ್ಟ.

ಕೆಂಪು ನೆಲದ ಮೇಲೆ ನನ್ನ ಮಣೆ. ಕೂತೆ. ಅಡುಗೆಮನೆಯಲ್ಲಿ ಕುದಿಯುತ್ತಿದ್ದ ಸಾಂಬಾರಿನ ವಾಸನೆ ಬರುತ್ತಿತ್ತು. ಆರನೇ ತರಗತಿಯ ಒಬ್ಬ ಹುಡುಗಿ ಎದ್ದು, "ಇದನ್ನ ಈಗ್ಲೇ ಪಾಸ್ ಮಾಡೋದು ಬ್ಯಾಡ ಸಾ. ಮೇಲ್ಮನೆ ಪರಿಶೀಲ್ನೆಗೆ ಇಟ್ಕೊಳ್ಳಿ" ಎಂದಳು. ಊರಿನ ಹುಡುಗಿಯೇ. ಸಹಶಿಕ್ಷಕರು ಒಮ್ಮೆ ಬೇವಿನ ಮರದ ಕಡೆ ನೋಡಿ, "ಪರಿಶೀಲನೆಗೆ ಇಟ್ಕೋಬೇಕು ಅನ್ನೋರು ಕೈ ಎತ್ತಿ" ಎಂದರು.

ಮೂರು ಕೈ ಎದ್ದವು. ಪುಟ್ಟ ಕೈಗಳು, ಒಂದರ ಮೇಲೆ ಪೆನ್ನಿನಲ್ಲಿ ಬರೆದ ಗಡಿಯಾರ. ಅಡುಗೆಮನೆಯಲ್ಲಿ ಮುಚ್ಚಳ ತಟತಟ ಎನ್ನತೊಡಗಿತು. ಈ ಸಲ ಸಾಂಬಾರು ನಿಜವಾಗಿಯೂ ಉಕ್ಕುತ್ತಿತ್ತು. ಎದ್ದು ಹೋಗಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಮೇಷ್ಟ್ರು ಕಂಬಕ್ಕೆ ಒರಗಿ, ಗಡಿಯಾರದ ಪಟ್ಟಿಯಿಂದ ಬಸ್ ಟಿಕೆಟ್ ತೆಗೆದು ಅದನ್ನೇ ಓದುತ್ತಿದ್ದರು. ನನ್ನ ಕಡೆ ನೋಡಲಿಲ್ಲ. ಮರದಡಿಯ ಬೈಕು ನೋಡುತ್ತಿತ್ತು. ಕಾವೇರಿ ಬಾಗಿಲ ಸಂದಿನಿಂದ ನೋಡುತ್ತಿದ್ದಳು.

ಬಲಗೈ ಎತ್ತಿದೆ. ಅದರಲ್ಲಿ ಸೌಟು ಇತ್ತೆಂದು ಆಮೇಲೆ ಗೊತ್ತಾಯಿತು.

"ನಾಲ್ಕು" ಎಂದರು ಸಹಶಿಕ್ಷಕರು. ಅವರ ದನಿಯಲ್ಲಿ ಭಾರ ಇಳಿದ ಹಾಗಿತ್ತು. "ವಿರುದ್ಧ ಮೂರು. ಪರಿಶೀಲನೆಗೆ ಇಟ್ಕೊಂಡಿದೆ."

ಚೇತನ್ ಓಡಿ ಬಂದ. "ಜಂಟಿ ಅಧಿವೇಶನ ಕರೀರಿ ಸಾ! ಎರ್ಡು ಮನೆ ಒಟ್ಗೆ ಕೂತ್ರೆ ನಮ್ದು ಹನ್ನೆರ್ಡು, ಅವ್ರದು ಹತ್ತು!"

"ಲೆಕ್ಕ ಸರಿ. ಆದ್ರೆ ಮೇಲ್ಮನೆ ಬೇಡ ಅಂದಿಲ್ವಲ್ಲಪ್ಪ, ನೋಡ್ತೀವಿ ಅಂದೈತೆ. ಸುಮ್ನೆ ಇಟ್ಕೊಂಡ್ರೆ ದಿಲ್ಲೀಲಿ ಆರು ತಿಂಗ್ಳು ಕಾಯ್ತಾರೆ. ನಮ್ದು ತಿಂಗ್ಳಿಗೊಂದು ವಾರ. ಆರು ವಾರ."

ಹುಡುಗ ಬೆರಳು ಮಡಿಸಿ ಎಣಿಸಿದ. ಮುಖ ಸಪ್ಪಗಾಯಿತು. "ಅಷ್ಟೊತ್ಗೆ ರಜಾ ಬತ್ತದಲ್ಲ ಸಾ."

"ಬತ್ತದೆ."

"ನಾನು ಏಳ್ನೇ ಕ್ಲಾಸ್ ಮುಗ್ಸಿ ಓಯ್ತೀನಲ್ಲ ಸಾ."

"ಹೋಯ್ತೀಯ. ಕೆಳಮನೆ ವಿಸರ್ಜನೆ ಆಯ್ತದೆ. ಕೆಳಮನೆ ಪಾಸ್ ಮಾಡಿ ಮೇಲ್ಮನೇಲಿ ಉಳ್ಕೊಂಡಿದ್ದ ಮಸೂದೆ ಅದ್ರ ಜೊತೆ ಬಿದ್ದೋಯ್ತದೆ. ಬೇಕು ಅನ್ನೋರು ಬರೋ ವರ್ಷ ಮತ್ತೆ ಮೊದ್ಲಿಂದ ತರ್ಬೇಕು."

"ಮೇಲ್ಮನೆ?"

"ಅದು ಎಲ್ಗೂ ಹೋಗಲ್ಲ."

ಮರದಡಿಯಲ್ಲಿ ಬೈಕು ಶುರುವಾಯಿತು. ನಾನು ಅಡುಗೆಮನೆಗೆ ಓಡಿದೆ. ಅರ್ಧ ಸಾಂಬಾರು ಒಲೆಯ ಪಾಲಾಗಿತ್ತು, ಉಳಿದದ್ದು ತಳ ಹಿಡಿದಿತ್ತು. ಮೇಷ್ಟ್ರು ತಟ್ಟೆ ಹಿಡಿದು ಬಂದು, ತಿಂದು, ಮುಖ ಕಿವುಚಿ, ಪುಸ್ತಕದಲ್ಲಿ ಬರೆದರು: "ಸೀದಿದೆ." ಸಹಿ ಹಾಕಿ, ಆ ದಿನ ಮೊದಲ ಸಲ, "ಇನ್ನೊಂದ್ಸಲ್ಪ ಹಾಕವ್ವ" ಎಂದು ಕೇಳಿ ಸೀದ ಸಾಂಬಾರನ್ನೇ ಮತ್ತೆ ಉಂಡರು.

ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿತು. ಮಸೂದೆ ಬಿತ್ತು. ಮರು ವರ್ಷ ಯಾರೂ ಅದನ್ನು ತರಲಿಲ್ಲ.

ಜೂನ್ ಬಂತು. ಅಡುಗೆಯವರ ಹೆಸರು ಬರೆಯುವ ಸಭೆಯ ದಿನ ನಾನು ಹೊರಗೆ ಪಾತ್ರೆ ಉಜ್ಜುತ್ತಿದ್ದೆ. ಕಿಟಕಿ ತೆರೆದಿತ್ತು. ಅಧ್ಯಕ್ಷರು ಬೇರೆ ಒಬ್ಬರ ಹೆಸರು ಹೇಳಿದರು. ಯಾಕೆ ಎಂದು ಮೇಷ್ಟ್ರು ಕೇಳಿದರು.

"ಅಡ್ಗೆಗಿಂತ ಕೈ ಎತ್ತೋದು ಜಾಸ್ತಿ ಆಯ್ತು ಆಯಮ್ಮಂದು."

"ಸದನದೊಳಗೆ ಹಾಕಿದ ಮತಕ್ಕೆ ಹೊರಗೆ ಯಾರೂ ಸದಸ್ಯರನ್ನ ಕೇಳಂಗಿಲ್ಲ" ಎಂದರು ಮೇಷ್ಟ್ರು.

ಅಧ್ಯಕ್ಷರು ನಕ್ಕರು. "ಅಯ್ಯೋ ಮೇಷ್ಟ್ರೇ, ಅದು ದಿಲ್ಲಿಗೆ ಕಣ್ರೀ!"

ಮೇಷ್ಟ್ರು ನಗಲಿಲ್ಲ. "ಅಡುಗೇಲಿ ತಪ್ಪಿದ್ರೆ ತೋರ್ಸಿ" ಎಂದು ರುಚಿ ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಹಾಳೆ ತಿರುವುವ ಸದ್ದು. ವರ್ಷವೆಲ್ಲ "ರುಚಿ ಸರಿಯಾಗಿದೆ", ನಾಲ್ಕು ಕಡೆ "ಉಪ್ಪು ಮುಂದು", ಒಂದು ಕಡೆ "ಸೀದಿದೆ". "ಇಷ್ಟಕ್ಕೆ ತೆಗೀತೀವಿ ಅಂದ್ರೆ ಕಾರಣ ಅಂತ ಇದನ್ನೇ ಬರೀರಿ, ನಾನು ಸಹಿ ಹಾಕಲ್ಲ. ಮೊದ್ಲು ನನ್ನ ಕಳ್ಸಿ, ಆಮೇಲೆ ಅವಳನ್ನ."

ನನ್ನ ಹೆಸರು ಉಳಿಯಿತು. ಆ ವರ್ಷವೇ ಮೇಷ್ಟ್ರಿಗೆ ಎಚ್.ಡಿ. ಕೋಟೆ ಕಡೆಯ ಒಂದು ಶಾಲೆಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧ ಉಂಟೆಂದು ಯಾರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೊರಡುವ ದಿನ ರುಚಿ ಪುಸ್ತಕಕ್ಕೆ ಕೊನೆಯ ಸಹಿ ಹಾಕಿ, "ನಿನ್ನ ಅವಧಿ ಆರು ವರ್ಷ ಕಣವ್ವ, ಮಣೆ ಬಿಡ್ಬೇಡ" ಎಂದರು.

ಬಿಡಲಿಲ್ಲ. ಹೊಸ ಮೇಷ್ಟ್ರು ಸಂಸತ್ತನ್ನು ಒಂದೇ ಮನೆ ಮಾಡಿದರು, ನನ್ನ ಮಣೆ ಅಡುಗೆಮನೆಗೆ ಬಂತು. ಅದರ ಮೇಲೆ ಕೂತೇ ತರಕಾರಿ ಹೆಚ್ಚುತ್ತೇನೆ. ಹಾಡಿಯ ಮಕ್ಕಳು ತಡವಾಗಿ ಬಂದ ದಿನ ಮೊದಲ ಸೌಟು ಅವರಿಗೆ. ಅದು ಯಾವ ಮನೆಯೂ ಪಾಸು ಮಾಡಿದ ಕಾನೂನಲ್ಲ.

ಕಳೆದ ಲೋಕಸಭಾ ಚುನಾವಣೆಗೆ ನಮ್ಮ ಶಾಲೆಯ ದೊಡ್ಡ ಕೊಠಡಿಯೇ ಮತಗಟ್ಟೆ. ಕಾವೇರಿ ಹುಣಸೂರಿನಲ್ಲಿ ಡಿಗ್ರಿ ಓದುತ್ತಿದ್ದವಳು ಮೊದಲ ಮತ ಹಾಕಲು ಬಂದಿದ್ದಳು. ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಹಾಕಿದೆವು. ಅದಾಗಿ ವಾರ ಕಳೆದಿರಲಿಲ್ಲ, ಮೇಷ್ಟ್ರು ಹೋದರೆಂದು ಫೋನು ಬಂತು. ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಚುಂಚನಕಟ್ಟೆಯ ಕಡೆ ಹೋದೆವು.

ಅಂಗಳದಲ್ಲಿ ಮಲಗಿಸಿದ್ದರು. ತುಂಬ ಸಣ್ಣಗಾಗಿದ್ದರು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಪಕ್ಕಕ್ಕೆ ಕರೆದರು. "ವೋಟಿನ ದಿನ ಎದ್ದು ನಿಲ್ಲೋಕೇ ಆಗ್ತಿರ್ಲಿಲ್ಲ. ಹೋಗ್ಲೇಬೇಕು ಅಂದ್ರು, ಕುರ್ಚೀಲಿ ಎತ್ಕೊಂಡು ಹೋದ್ವಿ. ಅಲ್ಲಿ ಶಾಯಿ ಹಚ್ಚೋ ಹುಡುಗ ಬೆರಳು ನೋಡಿ, 'ತಾತ, ನಿಮ್ದು ಆಗ್ಲೇ ಆಗೈತಲ್ಲ' ಅಂತಾನೆ! ಈ ಕಾಡುಗೇರಿನ ಕತೆ ಪೂರ್ತಿ ಹೇಳೋವರೆಗೂ ಬಿಡ್ಲಿಲ್ಲ ಕಣವ್ವ. ಹೇಳಿ, ಹಾಕಿ, ನಗ್ತಾ ಬಂದ್ರು."

ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದ್ದರು. ಎಡದ ತೋರುಬೆರಳಿನ ಹಳೆಯ ಕಪ್ಪಿನ ಮೇಲೆ ಹೊಸ ಶಾಯಿಯ ಗೆರೆ, ಹತ್ತಿರ ಹೋದರೆ ಮಾತ್ರ ಕಾಣುವಂತೆ. ಕಾವೇರಿ ತನ್ನ ಬೆರಳನ್ನು ಅದರ ಪಕ್ಕದಲ್ಲಿಟ್ಟಳು.

ಬಾಯಿಗೆ ಅಕ್ಕಿ ಹಾಕುವ ಸರದಿ ಬಂತು. ಅಷ್ಟು ವರ್ಷ ನನ್ನ ಅಡುಗೆಯ ಮೊದಲ ತುತ್ತು ತಿಂದವರು. ತಟ್ಟೆಯಿಂದ ನಾಲ್ಕು ಕಾಳು ತೆಗೆದುಕೊಂಡು, ಅಭ್ಯಾಸಬಲದಿಂದ, ಕಲ್ಲಿದೆಯೇ ಎಂದು ಅಂಗೈಯಲ್ಲಿ ಹರಡಿ ನೋಡಿದೆ. ಆಮೇಲೆ ಆ ಕೈಯನ್ನೇ ಎತ್ತಿ ಹಾಕಿದೆ. ಒಂದು ಸಲ ಎತ್ತದೆ ಓಡಿಹೋಗಿದ್ದ ಕೈ. ಇನ್ನೊಂದು ಸಲ ಎತ್ತಲೆಂದು ಅವರು ಮಸೂದೆ ವಾಪಸ್ ಕಳಿಸಿ ಮೂರು ದಿನ ಕಾದಿದ್ದ ಕೈ.

ಅದನ್ನು ಹೊತ್ತುಕೊಂಡು ಕೊನೆಯ ಬಸ್ಸಿಗೆ ಮನೆಗೆ ಬಂದೆ.